ಕುಳೆ ಬಿಡಬೇಕೋ, ಕಿತ್ತು ಹಾಕಬೇಕೋ?

"ಸರ್, ಪ್ರೋಗ್ರಾಮ್ ತಿದ್ದೇನ್ರಿ. ಆದ್ರ ಹಳೇ ಉತ್ತರನ ಬರಾಕತ್ತೈತ್ರಿ."

ಚಿಕ್ಕೋಡಿ ಸೀಮೆಯ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ನಿಂತವರಿಗೆ ಈ ಮಾತು ಹೊಸದಲ್ಲ. ಹೇಳುವವರು ಮಾತ್ರ ಬದಲಾಗುತ್ತಾರೆ. ಒಮ್ಮೆ ಅಥಣಿಯಿಂದ ನಸುಕಿನ ಬಸ್ಸು ಹಿಡಿದು ಬಂದ ಹುಡುಗ, ಇನ್ನೊಮ್ಮೆ ನಿಪ್ಪಾಣಿಯ ಹುಡುಗಿ, ಮತ್ತೊಮ್ಮೆ ರಾಯಬಾಗದವರು, ಕಾಗವಾಡದವರು. ಈ ಸಲ ಹಾಗೆಂದ ನಿಪ್ಪಾಣಿಯ ಹುಡುಗಿಯ ಪಕ್ಕ ಕೂತು ಫೋಲ್ಡರ್ ತೆಗೆದು ನೋಡಿದೆ. ಸಿ ಫೈಲು ಹೆತ್ತುಕೊಡುವ ಲೆಕ್ಸ್, ಯಾಕ್ ಎಂಬ ಸಾಧನಗಳಿಗಾಗಿ ಅವಳು ಬರೆದದ್ದು ಎರಡೇ ಫೈಲು, ಒಂದು ಲೆಕ್ಸಿನದು, ಒಂದು ಯಾಕ್‌ನದು. ಫೋಲ್ಡರಿನಲ್ಲಿದ್ದದ್ದು ಹದಿಮೂರು. ಲೆಕ್ಸ್.ವೈವೈ.ಸಿ, ವೈ.ಟ್ಯಾಬ್.ಸಿ, ವೈ.ಟ್ಯಾಬ್.ಎಚ್, ನಾಲ್ಕಾರು ಆಬ್ಜೆಕ್ಟ್ ಫೈಲುಗಳು, ಯಾವುದೋ ಹಿಂದಿನ ಬ್ಯಾಚಿನವರು ಬಿಟ್ಟುಹೋದ ಪರೀಕ್ಷಾ ಫೈಲು, ಎಲ್ಲಕ್ಕೂ ಕೊನೆಯಲ್ಲಿ ಒಂದು ಎ.ಔಟ್. ಅವಳು ತಿದ್ದಿದ ಪ್ರೋಗ್ರಾಮಿನಲ್ಲಿ ಒಂದು ಸೆಮಿಕೋಲನ್ ಬಿಟ್ಟುಹೋಗಿತ್ತು. ಕಂಪೈಲ್ ಅಲ್ಲೇ ನಿಂತಿತ್ತು. ದೋಷದ ಸಾಲುಗಳು ಪರದೆಯ ಮೇಲಕ್ಕೆ ಸರಿದುಹೋಗಿದ್ದವು. ಹೊಸ ಎ.ಔಟ್ ಹುಟ್ಟಲೇ ಇಲ್ಲವಾದ್ದರಿಂದ ಹಳೆಯದು ಅಲ್ಲೇ ಗಟ್ಟಿಯಾಗಿ ಕೂತಿತ್ತು. ಅವಳು ಓಡಿಸಿದ್ದು ಅದನ್ನೇ.

ಮೂಲ ಕೋಡಿನಿಂದ ಸಾಫ್ಟ್‌ವೇರ್ ಕಟ್ಟುವಾಗ ಉಳಿಯುವ ಫೈಲುಗಳನ್ನು ಏನು ಮಾಡಬೇಕು ಎಂಬ ಪ್ರಶ್ನೆಯನ್ನು ಹೆಚ್ಚಿನವರು ಡಿಸ್ಕಿನ ಜಾಗದ ಪ್ರಶ್ನೆಯೆಂದೇ ತಿಳಿಯುತ್ತಾರೆ. ಜಾಗದ ಮಾತೂ ಸಣ್ಣದೇನಲ್ಲ. ಕ್ರೋಮಿಯಂ ಬ್ರೌಸರನ್ನು ಮನೆಯಲ್ಲಿ ಕಟ್ಟಲು ಕನಿಷ್ಠ 100 ಜಿಬಿ ಖಾಲಿ ಇರಬೇಕು ಎನ್ನುತ್ತದೆ ಅದರ ಕೈಪಿಡಿ. ಆಂಡ್ರಾಯ್ಡ್‌ಗೆ 400 ಜಿಬಿ. ಅದರಲ್ಲಿ 150 ಬರೀ ಕಟ್ಟುವ ಕೆಲಸಕ್ಕೆ. ನಮ್ಮ ಲ್ಯಾಬಿನ ಹಳೆಯ ಯಂತ್ರಗಳ ಇಡೀ ಡಿಸ್ಕೇ ಅಷ್ಟಿಲ್ಲ. ಆದರೂ ಜಾಗದ್ದು ಎರಡನೆಯ ಪ್ರಶ್ನೆ. ಉಳಿದ ಫೈಲನ್ನು ನಂಬಬಹುದೇ ಎಂಬುದು ಮೊದಲನೆಯದು.

ಇದಕ್ಕೊಂದು ಹಳೆಯ ಕಥೆಯಿದೆ. 1976ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವ್ ಜಾನ್ಸನ್ ಎಂಬವರು ಬೆಳಗಿನ ಹೊತ್ತನ್ನೆಲ್ಲ ಒಂದು ದೋಷ ಹುಡುಕುವುದರಲ್ಲಿ ಕಳೆದರು. ದೋಷವನ್ನು ಅದಾಗಲೇ ತಿದ್ದಿ ಆಗಿತ್ತು. ತಿದ್ದಿದ ಫೈಲನ್ನು ಮತ್ತೆ ಕಂಪೈಲ್ ಮಾಡಿರಲಿಲ್ಲ, ಹಳೆಯ ಆಬ್ಜೆಕ್ಟ್ ಫೈಲೇ ಪ್ರೋಗ್ರಾಮಿಗೆ ಸೇರುತ್ತಿತ್ತು, ಅಷ್ಟೆ. ಅವರು ಶಾಪ ಹಾಕುತ್ತ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್‌ರ ಕೋಣೆಗೆ ನುಗ್ಗಿದರು. ಫೆಲ್ಡ್‌ಮನ್‌ರಿಗೂ ಹಿಂದಿನ ಸಂಜೆ ಅದೇ ಗತಿಯಾಗಿತ್ತು. ಆ ಸಿಟ್ಟಿನಿಂದ ಹುಟ್ಟಿದ್ದು ಮೇಕ್ ಎಂಬ ಸಾಧನ. 2003ರಲ್ಲಿ ಅದಕ್ಕೆ ಎಸಿಎಂ ಸಂಸ್ಥೆಯ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿಯೂ ಬಂತು. ಶಾಪ ಹಾಕಿದ ಜಾನ್ಸನ್ ಯಾರೆಂದರೆ, ಯಾಕ್ ಬರೆದವರು. ನಮ್ಮ ಹುಡುಗಿಯ ಫೋಲ್ಡರಿನಲ್ಲಿ ವೈ.ಟ್ಯಾಬ್.ಸಿ ಬಿಟ್ಟುಹೋಗುವ ಅದೇ ಯಾಕ್! ಸುಮಾರು ಅರ್ಧ ಶತಮಾನದ ಬಳಿಕ ಅವರ ತಲೆನೋವು ಅವರದೇ ಸಾಧನದ ಜತೆಗೆ ಚಿಕ್ಕೋಡಿಯ ಪಠ್ಯಕ್ರಮಕ್ಕೆ ಬಂದು ಸೇರಿದೆ. (ಎ.ಔಟ್ ಎಂಬ ಹೆಸರು ಅದಕ್ಕಿಂತ ಹಳೆಯದು. ಪಿಡಿಪಿ-7 ಯಂತ್ರದ ಕಾಲದ ‘ಅಸೆಂಬ್ಲರ್ ಔಟ್‌ಪುಟ್’ ಅದು. ಅಸೆಂಬ್ಲರಿನ ಕೈಯಿಂದ ಆ ಕೆಲಸ ತಪ್ಪಿಹೋಗಿ ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಉಳಿಯಿತು.)

ಮೇಕ್ ಮಾಡುವುದು ಒಬ್ಬ ಗುಮಾಸ್ತನ ಕೆಲಸ. ಯಾವ ಫೈಲು ಯಾವುದರಿಂದ ಹುಟ್ಟುತ್ತದೆ ಎಂದು ನಾವು ಮೇಕ್‌ಫೈಲಿನಲ್ಲಿ ಬರೆದುಕೊಡುತ್ತೇವೆ. ಅದು ಎರಡರ ತಾರೀಕನ್ನೂ ಸಮಯವನ್ನೂ ಹೋಲಿಸಿ, ಮೂಲವೇ ಹೊಸದಾಗಿದ್ದರೆ ಮತ್ತೆ ಕಂಪೈಲ್ ಮಾಡುತ್ತದೆ, ಇಲ್ಲದಿದ್ದರೆ ‘ಅಪ್ ಟು ಡೇಟ್’ ಎಂದು ಕೈಕಟ್ಟಿ ಕೂರುತ್ತದೆ. ಫೈಲಿನ ಒಳಗೆ ಏನಿದೆ ಎಂದು ಅದು ನೋಡುವುದಿಲ್ಲ.

ಹಾಗಾಗಿ ಅದು ಹಲವು ಕಡೆ ಮೋಸಹೋಗುತ್ತದೆ. ಹೆಡರ್ ಫೈಲನ್ನು ತಿದ್ದಿದ್ದೀರಿ, ಮೇಕ್‌ಫೈಲಿನಲ್ಲಿ ಆ ಹೆಡರಿನ ಹೆಸರೇ ಇಲ್ಲ. ಆಗ ಅದನ್ನು ಬಳಸುವ ನಾಲ್ಕು ಫೈಲುಗಳಲ್ಲಿ ನೀವು ಮುಟ್ಟಿದ ಎರಡು ಮಾತ್ರ ಹೊಸದಾಗಿ, ಎರಡು ಹಳೆಯ ಲೆಕ್ಕದಲ್ಲೇ ಉಳಿಯುತ್ತವೆ. ಒಂದೇ ಪ್ರೋಗ್ರಾಮಿನ ಎರಡು ಭಾಗಗಳು ಒಂದೇ ಸ್ಟ್ರಕ್ಚರನ್ನು ಎರಡು ಅಳತೆಯಲ್ಲಿ ನೋಡುತ್ತವೆ. ಆಗ ಬರುವ ದೋಷಕ್ಕೆ ತಲೆಯೂ ಇಲ್ಲ, ಬಾಲವೂ ಇಲ್ಲ. ಇದನ್ನು ತಪ್ಪಿಸಲು ಕಂಪೈಲರಿಗೇ ಹೆಡರುಗಳ ಪಟ್ಟಿ ಬರೆಯಲು ಹೇಳಬಹುದು. ಅದು ಪ್ರತಿ ಫೈಲಿಗೂ ಒಂದೊಂದು ಡಾಟ್ ಡಿ ಫೈಲು ಹೆರುತ್ತದೆ. ಉಳಿಕೆಯ ರೋಗಕ್ಕೆ ಮತ್ತಷ್ಟು ಉಳಿಕೆಯೇ ಔಷಧಿ.

ಕಂಪೈಲ್ ಮಾಡುವಾಗ ಕೊಡುವ ಸೂಚನೆಗಳನ್ನು ಬದಲಿಸಿದರೂ ಮೇಕ್‌ಗೆ ತಿಳಿಯದು. ಮೂಲ ಫೈಲನ್ನೇ ಅಳಿಸಿದರೆ ಅದರ ಆಬ್ಜೆಕ್ಟ್ ಫೈಲು ಅನಾಥವಾಗಿ ಉಳಿಯುತ್ತದೆ; ‘ಎಲ್ಲ ಡಾಟ್ ಓ ಸೇರಿಸು’ ಎಂದು ಬರೆದ ಮೇಕ್‌ಫೈಲು ಅದನ್ನೂ ಪಂಕ್ತಿಯಲ್ಲಿ ಕೂರಿಸುತ್ತದೆ. ಪೈಥಾನಿಗೆ ಇಂಥ ಕಾಟ ಇಲ್ಲ ಎನ್ನುವವರು ಪೈಥಾನ್ 2ರ ಕಾಲವನ್ನು ಮರೆತಿದ್ದಾರೆ. ಮೂಲ ಫೈಲು ಅಳಿಸಿಹೋದರೂ ಪಕ್ಕದಲ್ಲಿ ಉಳಿದ ಡಾಟ್ ಪಿವೈಸಿ ಫೈಲು ಸದ್ದಿಲ್ಲದೆ ಕೆಲಸ ಮಾಡುತ್ತಿತ್ತು. ಸತ್ತವನ ಹೆಸರಿನಲ್ಲಿ ರೇಷನ್ ಎತ್ತಿದ ಹಾಗೆ. 2011ರಲ್ಲಿ ಬಂದ ಪೈಥಾನ್ 3.2 ಈ ಫೈಲುಗಳನ್ನು ಬೇರೆ ಕೋಶಕ್ಕೆ ತಳ್ಳಿ, ಮೂಲವಿಲ್ಲದಿದ್ದರೆ ಅವನ್ನು ಎತ್ತಿಕೊಳ್ಳುವುದನ್ನು ನಿಲ್ಲಿಸಿತು.

ಇನ್ನು ಗಡಿಯಾರ. ನಗರದ ಪುಸ್ತಕಗಳು ಈ ಕಾರಣಕ್ಕೆ ಅರ್ಧ ಸಾಲು ಕೊಡುತ್ತವೆ, ನಾನು ಒಂದು ಪ್ಯಾರಾ ಕೊಡುತ್ತೇನೆ. ಮದರ್‌ಬೋರ್ಡಿನ ಮೇಲೊಂದು ನಾಣ್ಯದಷ್ಟು ಸೆಲ್ ಇರುತ್ತದೆ. ಕರೆಂಟು ಹೋದಾಗ ತಾರೀಕನ್ನು ನೆನಪಿಟ್ಟುಕೊಳ್ಳುವುದು ಅದು. ಸೆಲ್ ಸತ್ತ ಯಂತ್ರ, ಕರೆಂಟು ಹೋಗಿ ಬಂದ ಮೇಲೆ, ತಾನು ಹುಟ್ಟಿದ ವರ್ಷಕ್ಕೆ ಮರಳುತ್ತದೆ. ಬೆಳಿಗ್ಗೆ ತಾರೀಕು ಸರಿಯಿದ್ದಾಗ ಕಂಪೈಲ್ ಮಾಡಿದ ಆಬ್ಜೆಕ್ಟ್ ಫೈಲು ಇಂದಿನದು. ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ತಿದ್ದಿದ ಮೂಲ ಫೈಲು ಹತ್ತು ವರ್ಷ ಹಿಂದಿನದು. ಮೇಕ್ ಎರಡನ್ನೂ ನೋಡಿ, ಮೂಲ ಹಳೆಯದೇ ಇದೆಯಲ್ಲ, ಕೆಲಸವೇನಿದೆ ಎನ್ನುತ್ತದೆ. ಗ್ನೂ ಮೇಕ್ ಆದರೆ ಫೈಲಿನ ಸಮಯ ಭವಿಷ್ಯದ್ದಾಗಿದೆ, ಗಡಿಯಾರ ಸರಿಯಿಲ್ಲ, ಬಿಲ್ಡ್ ಅಪೂರ್ಣವಿರಬಹುದು ಎಂದು ಎಚ್ಚರಿಸುತ್ತದೆ. ಆ ಸಾಲನ್ನು ಓದಿದ ವಿದ್ಯಾರ್ಥಿಯನ್ನು ನಾನಿನ್ನೂ ಕಾಣಬೇಕಿದೆ. ಹುಡುಗ ಮಾತ್ರ ತನ್ನ ತರ್ಕದಲ್ಲಿ ದೋಷ ಹುಡುಕುತ್ತ ಜಾನ್ಸನ್‌ರ ಹಾಗೆ ಅರ್ಧ ದಿನ ಕಳೆಯುತ್ತಾನೆ.

ಇದಕ್ಕೆಲ್ಲ ಲ್ಯಾಬಿನ ಪರಿಹಾರ ಒಂದೇ, ‘ಮೇಕ್ ಕ್ಲೀನ್’ ಕೊಡು. ನಿಜಕ್ಕೂ ಕ್ಲೀನ್ ಎಂಬುದು ಮೇಕ್‌ನೊಳಗೆ ಹುಟ್ಟಿನಿಂದ ಬಂದ ಆಜ್ಞೆಯಲ್ಲ. ‘ಈ ಈ ಫೈಲುಗಳನ್ನು ಅಳಿಸು’ ಎಂದು ಮೇಕ್‌ಫೈಲು ಬರೆದವರು ಸೇರಿಸಿದ ಒಂದು ಸಾಲು ಅದು. ಅವರು ಮರೆತ ಫೈಲು ಅಳಿಯುವುದಿಲ್ಲ. ಫೋಲ್ಡರಿನಲ್ಲಿ ಯಾರಾದರೂ ಕ್ಲೀನ್ ಎಂಬ ಹೆಸರಿನದೇ ಒಂದು ಫೈಲು ಮಾಡಿಟ್ಟರಂತೂ, ‘ಕ್ಲೀನ್ ಅಪ್ ಟು ಡೇಟ್ ಇದೆ’ ಎಂದು ಮೇಕ್ ಸುಮ್ಮನಾಗುತ್ತದೆ. ಅದನ್ನು ತಪ್ಪಿಸಲು ಕ್ಲೀನ್ ಎಂಬುದು ಫೈಲಲ್ಲ, ಬರೀ ಹೆಸರು (‘ಫೋನಿ’) ಎಂದು ಮೊದಲೇ ಸಾರಿರಬೇಕು.

ನಮ್ಮ ಭಾಗದ ಸಕ್ಕರೆ ಕಾರ್ಖಾನೆಗಳಲ್ಲಿ ಉಳಿಕೆಯನ್ನು ಯಾರೂ ಒಟ್ಟಾಗಿ ‘ಕಸ’ ಎನ್ನುವುದಿಲ್ಲ. ಉಗಾರದ ಕಾರ್ಖಾನೆ 1939ರದು. ಅಷ್ಟು ಹಳೆಯ ಉದ್ಯಮದಲ್ಲಿ ಒಂದೊಂದಕ್ಕೂ ಹೆಸರು, ಒಂದೊಂದಕ್ಕೂ ದಾರಿ ಇದೆ. ಕಬ್ಬಿನ ಸಿಪ್ಪೆ ಬಾಯ್ಲರಿಗೆ, ಕಾಕಂಬಿ ಮದ್ಯಸಾರಕ್ಕೆ, ಪ್ರೆಸ್‌ಮಡ್ ಮತ್ತೆ ಹೊಲಕ್ಕೆ. ಗ್ನೂ ಯೋಜನೆಯವರೂ ಹೀಗೆಯೇ ಉಳಿಕೆಗೆ ನಾಲ್ಕು ದರ್ಜೆ ಮಾಡಿದರು. ‘ಮೋಸ್ಟ್‌ಲಿ ಕ್ಲೀನ್’ ಕೊಟ್ಟರೆ ಮತ್ತೆ ಕಟ್ಟಲು ಬಹಳ ಹೊತ್ತು ಹಿಡಿಯುವ, ಅಪರೂಪಕ್ಕೆ ಬದಲಾಗುವ ಫೈಲುಗಳು ಉಳಿದು ಬೇರೆಲ್ಲ ಹೋಗುತ್ತವೆ. ‘ಕ್ಲೀನ್’ ಕಟ್ಟುವಾಗ ಹುಟ್ಟಿದ್ದನ್ನೆಲ್ಲ ಅಳಿಸಿ, ಯಂತ್ರಕ್ಕೆ ಹೊಂದಿಸಿದ ಸಂರಚನೆಯನ್ನು ಉಳಿಸುತ್ತದೆ. ‘ಡಿಸ್ಟ್‌ಕ್ಲೀನ್’ ಅದನ್ನೂ ಅಳಿಸಿ, ಪೊಟ್ಟಣ ಬಿಚ್ಚಿದಾಗ ಹೇಗಿತ್ತೋ ಹಾಗೆ ಮಾಡುತ್ತದೆ. ‘ಮೇಂಟೇನರ್-ಕ್ಲೀನ್’ ಪೊಟ್ಟಣದ ಜತೆಗೇ ಬಂದ, ಆದರೆ ಯಂತ್ರ ಬರೆದ ಫೈಲುಗಳನ್ನೂ ಬಿಡುವುದಿಲ್ಲ. ಮತ್ತೆ ಕಟ್ಟಲು ವಿಶೇಷ ಸಾಧನಗಳು ಬೇಕಾದಾವು ಎಂದು ಮೊದಲೇ ಎಚ್ಚರಿಸುತ್ತದೆ. ಲಿನಕ್ಸ್ ಕರ್ನಲ್‌ನವರು ತಮ್ಮದೊಂದು ಸೇರಿಸಿದರು, ಮಿಸ್ಟರ್ ಪ್ರಾಪರ್. ಯುರೋಪಿನ ನೆಲ ಒರೆಸುವ ದ್ರಾವಣದ ಬ್ರ್ಯಾಂಡ್ ಅದು! ಬರೀ ಕ್ಲೀನ್ ಕೊಟ್ಟರೆ ನೀವು ಗಂಟೆಗಟ್ಟಲೆ ಕೂತು ಆರಿಸಿದ ಕಾನ್ಫಿಗ್ ಉಳಿಯುತ್ತದೆ, ಮಿಸ್ಟರ್ ಪ್ರಾಪರ್ ಬಂದರೆ ಅದೂ ತೊಳೆದುಹೋಗುತ್ತದೆ.

ಎಷ್ಟು ದರ್ಜೆ ಮಾಡಿದರೂ ಮೂಲ ಪ್ರಶ್ನೆ ಹಾಗೇ ನಿಲ್ಲುತ್ತದೆ. ದಿನಾ ಪೂರ್ತಿ ಒರೆಸಿ ಹೊಸದಾಗಿ ಕಟ್ಟಬೇಕೇ, ಇದ್ದದ್ದರ ಮೇಲೆ ಕಟ್ಟಬೇಕೇ? ಇದರ ಉತ್ತರ ಕೃಷ್ಣಾ ದಂಡೆಯ ಯಾವ ಕಬ್ಬು ಬೆಳೆಗಾರನಿಗಾದರೂ ಗೊತ್ತು. ಕಬ್ಬು ಕಡಿದ ಮೇಲೆ ಬುಡ ಉಳಿಸಿಕೊಂಡರೆ ಕುಳೆ ಒಡೆಯುತ್ತದೆ. ಬಿತ್ತನೆಯ ಖರ್ಚು ಉಳಿಯುತ್ತದೆ, ಹೊಲ ಹದ ಮಾಡುವ ಕೆಲಸ ತಪ್ಪುತ್ತದೆ, ಬೆಳೆಯೂ ಬೇಗ ಕೈಗೆ ಬರುತ್ತದೆ. ಆದರೆ ಕಾಡಿಗೆ ರೋಗ ತಗುಲಿದ ಬುಡ ಬಿಟ್ಟರೆ ರೋಗವೂ ಕುಳೆಗೆ ದಾಟುತ್ತದೆ, ಇಳುವರಿ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ಎರಡು ಮೂರು ಕುಳೆಯಾದ ಮೇಲೆ ಬುಡ ಕಿತ್ತು ಹೊಸ ನಾಟಿ ಮಾಡುತ್ತಾರೆ. ರೋಗ ಕಂಡರೆ ಅಷ್ಟೂ ಕಾಯುವುದಿಲ್ಲ. ಪ್ರತಿ ವರ್ಷ ಕೀಳುವವನಿಗೆ ಖರ್ಚು ಹೆಚ್ಚು, ಎಂದೂ ಕೀಳದವನಿಗೆ ಹೊಲವೇ ಹಾಳು. ಕಂಪೈಲ್ ಮಾಡುವವರು ಇದಕ್ಕೆ ‘ಇನ್‌ಕ್ರಿಮೆಂಟಲ್ ಬಿಲ್ಡ್’ ಎಂಬ ಉದ್ದದ ಹೆಸರಿಟ್ಟಿದ್ದಾರೆ. ನನಗೆ ಕುಳೆ ಎಂದರೇ ಸಾಕು.

ಆದರೆ ಸಾಫ್ಟ್‌ವೇರಿನಲ್ಲಿ ಹೊಲದಲ್ಲಿಲ್ಲದ ಒಂದು ಅನುಕೂಲವಿದೆ. ಇಲ್ಲಿ ರೋಗ ಹೇಗೆ ದಾಟುತ್ತದೆಂದು ಪೂರ್ತಿ ಲೆಕ್ಕ ಇಡಬಹುದು. ಆ ಲೆಕ್ಕ ತುಂಡಾದರೆ ಏನಾಗುತ್ತದೆಂದು ಪೀಟರ್ ಮಿಲ್ಲರ್ ಎಂಬವರು 1998ರಲ್ಲಿ ತೋರಿಸಿದರು. ದೊಡ್ಡ ಯೋಜನೆಯನ್ನು ಫೋಲ್ಡರಿಗೊಂದು ಮೇಕ್ ಎಂದು ತುಂಡು ಮಾಡಿದರೆ ಯಾವ ತುಂಡಿಗೂ ಇಡೀ ಅವಲಂಬನೆಯ ಚಿತ್ರ ಕಾಣುವುದಿಲ್ಲ, ಆಗ ಜನ ಪದೇ ಪದೇ ಎಲ್ಲವನ್ನೂ ಒರೆಸತೊಡಗುತ್ತಾರೆ. ಗೂಗಲ್ 2015ರಲ್ಲಿ ಹೊರಬಿಟ್ಟ ಬೇಜ಼ಲ್ ಎಂಬ ಸಾಧನ ಇನ್ನೊಂದು ತುದಿಗೆ ಹೋಯಿತು. ಅದು ತಾರೀಕನ್ನು ನಂಬದೆ ಫೈಲಿನ ಒಳಗಿರುವುದರ ಹ್ಯಾಶ್ ನೋಡುತ್ತದೆ. ಅದಕ್ಕೂ ಕ್ಲೀನ್ ಆಜ್ಞೆಯಿದೆ, ಮುಖ್ಯವಾಗಿ ಡಿಸ್ಕಿನ ಜಾಗ ಬಿಡಿಸಿಕೊಳ್ಳುವುದಕ್ಕೆ. ಹಳೆಯ ಉಳಿಕೆಯಿಂದ ತಪ್ಪು ಬಿಲ್ಡ್ ಬಂದರೆ ಕ್ಲೀನ್ ಒತ್ತಿ ಮರೆಯಬೇಡಿ, ನಮಗೆ ದೂರು ಕೊಡಿ ಎನ್ನುತ್ತದೆ ಅದರ ಕೈಪಿಡಿ. ಇದು ನನಗೆ ಹಿಡಿಸಿದ ನಿಲುವು. ಪದೇ ಪದೇ ಕ್ಲೀನ್ ಬೇಕಾಗುತ್ತಿದೆ ಎಂದರೆ ಎಲ್ಲೋ ಲೆಕ್ಕದ ಪುಸ್ತಕ ತಪ್ಪಿದೆ. ಒರೆಸಿದಾಗ ತಪ್ಪಿನ ಗುರುತೂ ಒರೆಸಿಹೋಗುತ್ತದೆ. ಹಾಗೆಂದು ಮೂವತ್ತು ಸಾಲಿನ ಲೆಕ್ಸ್ ಪ್ರೋಗ್ರಾಮಿಗೆ ಬೇಜ಼ಲ್ ಹೂಡುವುದು ಕುಡುಗೋಲಿನ ಕೆಲಸಕ್ಕೆ ಜೆಸಿಬಿ ತರಿಸಿದಂತೆ.

ನಡುವಿನ ದಾರಿಯೊಂದನ್ನು ಆಂಡ್ರ್ಯೂ ಟ್ರಿಜೆಲ್ 2002ರಲ್ಲಿ ಸಿಸಿಕ್ಯಾಶ್ ಬರೆದು ತೋರಿಸಿದರು. ಒರೆಸುವವರು ಒರೆಸಿಕೊಳ್ಳಲಿ, ಕಂಪೈಲ್ ಮಾಡಿದ ಫಲವನ್ನು ಬೇರೆ ಕಡೆ ಬಚ್ಚಿಡೋಣ. ಅದೇ ಮೂಲ, ಅದೇ ಸೂಚನೆ ಮತ್ತೆ ಬಂದರೆ ತಕ್ಷಣ ಎತ್ತಿಕೊಡೋಣ ಎಂಬುದು ಉಪಾಯ. ಆ ಉಗ್ರಾಣಕ್ಕೂ ಮಿತಿಯಿದೆ. ನಾವೇನೂ ಹೇಳದಿದ್ದರೆ 5 ಜಿಬಿ ಆಸುಪಾಸಿನಲ್ಲಿ ಹಳೆಯದನ್ನು ತಾನೇ ಹೊರಹಾಕುತ್ತದೆ.

ಎಲ್ಲಕ್ಕಿಂತ ಅಗ್ಗದ ದಾರಿ ಮೂಲವನ್ನೂ ಉಳಿಕೆಯನ್ನೂ ಒಂದೇ ಕಣದಲ್ಲಿ ಹಾಕದಿರುವುದು. ಬಿಲ್ಡ್ ಎಂಬ ಬೇರೆ ಫೋಲ್ಡರ್ ಮಾಡಿ ಕಟ್ಟುವುದೆಲ್ಲ ಅದರೊಳಗೇ ನಡೆದರೆ, ಸ್ವಚ್ಛತೆ ಎಂದರೆ ಆ ಫೋಲ್ಡರ್ ಎತ್ತಿ ಬಿಸಾಡುವುದಷ್ಟೇ. ಮೇಕ್‌ಫೈಲನ್ನೇ ಬರೆದುಕೊಡುವ ಸಿಮೇಕ್‌ನಲ್ಲಿ ಡಿಸ್ಟ್‌ಕ್ಲೀನ್ ಇಲ್ಲ ಎಂದು ಗೊಣಗುವವರಿಗೆ ಅದನ್ನು ಬರೆದವರು ಕೊಡುವ ಉತ್ತರವೂ ಇದೇ. ರಸ್ಟ್ ಭಾಷೆಯ ಕಾರ್ಗೋ ತನ್ನ ಉಳಿಕೆಯನ್ನು ಮೊದಲಿನಿಂದಲೂ ಟಾರ್ಗೆಟ್ ಎಂಬ ಕೋಶದಲ್ಲೇ ಇಡುತ್ತದೆ. ನಮ್ಮ ಹುಡುಗಿಯ ಹದಿಮೂರು ಫೈಲುಗಳಲ್ಲಿ ಹನ್ನೊಂದು ಬೇರೆ ಫೋಲ್ಡರಿನಲ್ಲಿದ್ದಿದ್ದರೆ ನಾನು ಅವಳ ಪಕ್ಕ ಕೂರಬೇಕಾಗಿರಲಿಲ್ಲ.

ಎತ್ತಿ ಬಿಸಾಡುವಾಗಿನ ಅಪಾಯವೂ ಬೇರೆಯಿದೆ. ಕಬ್ಬು ಕಡಿದ ಹೊಲದ ರವದಿಗೆ ಬೆಂಕಿ ಇಟ್ಟವರಿಗೆ ಗಾಳಿ ಯಾವ ಕಡೆಗೆ ತಿರುಗೀತು ಎಂಬ ದಿಗಿಲು ಇರುತ್ತದೆ; ‘ಆರ್‌ಎಂ’ ಆಜ್ಞೆ ಕೊಡುವವರಿಗೂ ಆ ದಿಗಿಲು ಇರಬೇಕು. 2011ರಲ್ಲಿ ಬಂಬಲ್‌ಬೀ ಎಂಬ ಲಿನಕ್ಸ್ ಸಾಫ್ಟ್‌ವೇರಿನ ಸ್ಥಾಪನಾ ಸ್ಕ್ರಿಪ್ಟ್‌ನಲ್ಲಿ, ಹಳೆಯ ಫೋಲ್ಡರೊಂದನ್ನು ಅಳಿಸುವ ಸಾಲಿನಲ್ಲಿ, ಯುಎಸ್ಆರ್ ಎಂಬ ಹೆಸರಿನ ಬೆನ್ನಿಗೇ ಒಂದು ಸ್ಪೇಸ್ ಬಿದ್ದಿತ್ತು. ಒಳಗಿನ ಸಣ್ಣ ಫೋಲ್ಡರಿನ ಬದಲು ಇಡೀ ಯುಎಸ್ಆರ್ ಅಳಿಯಿತು. ಬಹುಪಾಲು ಸಾಫ್ಟ್‌ವೇರ್ ಇರುವ ಜಾಗ ಅದು. 2015ರ ಜನವರಿಯಲ್ಲಿ ಲಿನಕ್ಸಿನಲ್ಲಿ ಆಟಗಳನ್ನು ಕೊಡುವ ಸ್ಟೀಮ್‌ನದು ಇದೇ ಕಥೆ. ಫೋಲ್ಡರಿನ ಹೆಸರು ಹಿಡಿದಿಡಬೇಕಾದ ವೇರಿಯಬಲ್ ಖಾಲಿಯಾಗಿತ್ತು, ಅಳಿಸುವ ಆಜ್ಞೆ ಇಡೀ ಫೈಲು ವ್ಯವಸ್ಥೆಯ ಬೇರಿನಿಂದಲೇ ಶುರುವಾಯಿತು. ಕೋಡಿನ ಆವೃತ್ತಿಗಳ ಲೆಕ್ಕ ಇಡುವ ಗಿಟ್‌ನಲ್ಲಿ ‘ಗಿಟ್ ಕ್ಲೀನ್’ ಎಂಬುದಿದೆ. ಅದಕ್ಕೆ ಮೈನಸ್ ಎಕ್ಸ್ ಸೇರಿಸಿದರೆ ಗಿಟ್‌ಇಗ್ನೋರ್ ಪಟ್ಟಿಯಲ್ಲಿರುವುದನ್ನೂ ಅಳಿಸುತ್ತದೆ. ಆ ಪಟ್ಟಿಯಲ್ಲಿ ಆಬ್ಜೆಕ್ಟ್ ಫೈಲುಗಳ ಜತೆ ಪಾಸ್‌ವರ್ಡ್ ಬರೆದಿಟ್ಟ ಸ್ಥಳೀಯ ಫೈಲೂ ಇದ್ದೀತು, ಅದಕ್ಕೆ ಬೇರೆಲ್ಲೂ ಪ್ರತಿ ಇಲ್ಲದಿರಬಹುದು. ಮೊದಲು ಮೈನಸ್ ಎನ್ ಕೊಟ್ಟು ಏನೇನು ಹೋಗುತ್ತದೆಂದು ಓದಿ, ಆಮೇಲೆ ಕೈ ಹಾಕಿ. ನಮ್ಮಲ್ಲೇ ಒಬ್ಬ ತನ್ನ ಕ್ಲೀನ್ ಸಾಲಿನಲ್ಲಿ ‘ಎಲ್ಲ ಡಾಟ್ ಸಿ’ ಎಂದು ಬರೆದುಬಿಟ್ಟಿದ್ದ. ಯಾಕ್ ಹೆತ್ತ ಸಿ ಫೈಲುಗಳ ಜತೆ ಅವನೇ ರಾತ್ರಿಯೆಲ್ಲ ಕೂತು ಬರೆದ ಸಿ ಫೈಲೂ ಹೋಯಿತು. ಎರಡನ್ನೂ ಒಂದೇ ಹೊಲದಲ್ಲಿ ಬೆಳೆದರೆ ಕಳೆ ಯಾವುದು, ಬೆಳೆ ಯಾವುದು ಎಂದು ಆರ್‌ಎಂಗೆ ಹೇಗೆ ಗೊತ್ತಾಗಬೇಕು?

ಸ್ಥಾಪಿಸಿದ ಮೇಲೆ ಮೂಲ ಫೋಲ್ಡರನ್ನು ಅಳಿಸಬಹುದೇ ಎಂದು ಬಹಳ ಜನ ಕೇಳುತ್ತಾರೆ. ಸಾಮಾನ್ಯವಾಗಿ ಅಳಿಸಬಹುದು, ಪ್ರೋಗ್ರಾಮ್ ಓಡಲು ಅದು ಬೇಕಿಲ್ಲ. ಆದರೆ ಮುಂದೆ ‘ಮೇಕ್ ಅನ್‌ಇನ್‌ಸ್ಟಾಲ್’ ಕೊಡಲು ಆ ಮೇಕ್‌ಫೈಲೇ ಬೇಕು, ಸಿಮೇಕ್ ಆದರೆ ಎಲ್ಲೆಲ್ಲಿ ಏನಿಟ್ಟೆ ಎಂದು ಅದು ಬರೆದಿಟ್ಟ ಪಟ್ಟಿ ಬೇಕು. ಕರ್ನಲನ್ನು ತಾವೇ ಕಟ್ಟಿಕೊಂಡವರ ಮಾಡ್ಯೂಲ್ ಕೋಶದಲ್ಲಿ ಆ ಫೋಲ್ಡರಿಗೆ ಕೊಂಡಿ ಇರುತ್ತದೆ. ಫೋಲ್ಡರ್ ಅಳಿಸಿದರೆ ಮುಂದೆ ಹೊರಗಿನ ಡ್ರೈವರ್ ಕಟ್ಟುವಾಗ ಆ ಕೊಂಡಿ ಎಲ್ಲಿಗೂ ಮುಟ್ಟುವುದಿಲ್ಲ. ಇಡೀ ಲಿನಕ್ಸನ್ನು ಕೈಯಾರೆ ಕಟ್ಟಲು ಕಲಿಸುವ ‘ಲಿನಕ್ಸ್ ಫ್ರಮ್ ಸ್ಕ್ರ್ಯಾಚ್’ ಮಾತ್ರ ಖಡಕ್ಕಾಗಿ ಹೇಳುತ್ತದೆ: ಒಂದೊಂದು ಪೊಟ್ಟಣ ಮುಗಿದ ಕೂಡಲೇ ಬಿಚ್ಚಿದ ಫೋಲ್ಡರ್ ಅಳಿಸಿ. ಅದೇ ಪೊಟ್ಟಣವನ್ನು ಮುಂದಿನ ಅಧ್ಯಾಯದಲ್ಲಿ ಮತ್ತೆ ಕಟ್ಟುವಾಗ ಹಳೆಯ ಸಂರಚನೆ ಅಂಟಿಕೊಳ್ಳಬಾರದು ಎಂಬುದೇ ಕಾರಣ.

ಕನ್ನಡದ ಕೆಲಸ ಮಾಡುವವರಿಗೆ ಈ ಕಾಟದ ಇನ್ನೊಂದು ರೂಪ ಗೊತ್ತು. ತಂತ್ರಾಂಶದ ಕನ್ನಡ ಅನುವಾದ ಡಾಟ್ ಪಿಒ ಫೈಲಿನಲ್ಲಿರುತ್ತದೆ. ಪರದೆಗೆ ಬರುವುದು ಅದರಿಂದ ಕಂಪೈಲ್ ಆದ ಡಾಟ್ ಎಂಒ. ತಪ್ಪು ಪದವನ್ನು ಪಿಒದಲ್ಲಿ ತಿದ್ದಿ, ಎಂಒ ಹಳೆಯದೇ ಉಳಿದರೆ ಮೆನುವಿನಲ್ಲಿ ಅದೇ ತಪ್ಪು ಪದ ನಗುತ್ತಿರುತ್ತದೆ. ಗ್ನೂ ಗೆಟ್‌ಟೆಕ್ಸ್ಟ್ ಬಳಸುವ ಪೊಟ್ಟಣಗಳಲ್ಲಿ ಡಿಸ್ಟ್‌ಕ್ಲೀನ್ ಕೂಡ ಪೊಟ್ಟಣದ ಜತೆ ಬಂದ ಈ ಅನುವಾದದ ಫೈಲುಗಳನ್ನು ಮುಟ್ಟದು, ಮೇಂಟೇನರ್-ಕ್ಲೀನ್‌ಗೇ ಆ ಅಧಿಕಾರ. ಫಾಂಟಿನದೂ ಹೀಗೇ. ಗುಬ್ಬಿ, ನವಿಲು, ಲೋಹಿತ್ ಯಾವುದನ್ನೇ ತಿದ್ದಿ ಹೊಸದಾಗಿ ಕಟ್ಟಿ ನೋಡಿ: ಹಳೆಯ ಪ್ರತಿಯೊಂದು ಬೇರೆ ಫೋಲ್ಡರಿನಲ್ಲಿ ಉಳಿದಿದ್ದರೆ ಒತ್ತಕ್ಷರ ಹಳೆಯ ಜಾಗದಲ್ಲೇ ಕೂತಿರುತ್ತದೆ, ತಿದ್ದಿದ್ದು ಸರಿಯಾಯಿತೋ ಇಲ್ಲವೋ ಎಂದೇ ತಿಳಿಯದು.

ಯಂತ್ರ ಬರೆದ ಫೈಲನ್ನು ಯಾರೂ ಓದುವುದಿಲ್ಲ ಎಂಬುದು ಸೋಮಾರಿತನದ ಮಾತಷ್ಟೇ ಆಗಿದ್ದ ಕಾಲ 2024ರ ಮಾರ್ಚ್ 29ಕ್ಕೆ ಮುಗಿಯಿತು. ಸರ್ವರಿಗೆ ಲಾಗಿನ್ ಆಗಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂದು ಬೆನ್ನು ಹತ್ತಿದ ಆಂಡ್ರೆಸ್ ಫ್ರಾಯಂಡ್ ಎಂಬ ಎಂಜಿನಿಯರ್, ಎಕ್ಸ್‌ಜ಼ೆಡ್ ಎಂಬ ಸಂಕೋಚನ ಸಾಧನದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು ಇರುವುದನ್ನು ಅಂದು ಬಹಿರಂಗಪಡಿಸಿದರು. ಅದರ ಕೀಲಿ ಇದ್ದದ್ದು ಬಿಲ್ಡ್‌ಗೆ ಬೇಕಾದ ಒಂದು ಎಂ4 ಸ್ಕ್ರಿಪ್ಟಿನಲ್ಲಿ. ಗಿಟ್‌ನ ಮೂಲದಲ್ಲಿ ಆ ಸ್ಕ್ರಿಪ್ಟ್ ಇರಲಿಲ್ಲ, ಬಿಡುಗಡೆಯ ಪೊಟ್ಟಣದಲ್ಲಿ ಮಾತ್ರ ಇತ್ತು. ಅಂಥ ಪೊಟ್ಟಣಗಳಲ್ಲಿ ಯಂತ್ರ ಬರೆದ ಸಾವಿರಾರು ಸಾಲುಗಳು ಇರುವುದು ವಾಡಿಕೆಯಾದ್ದರಿಂದ ಯಾರ ಕಣ್ಣೂ ಅತ್ತ ಹೋಗಿರಲಿಲ್ಲ. ಡೆಬಿಯನ್‌ನ ನಿಯಮ ಮೊದಲಿನಿಂದಲೂ, ಕಟ್ಟುವಾಗ ಆದ ಬದಲಾವಣೆಯನ್ನೆಲ್ಲ ಕ್ಲೀನ್ ಹಿಂದಕ್ಕೆ ತಿರುಗಿಸಬೇಕು ಎನ್ನುತ್ತದೆ. ಈಗ ಅದಕ್ಕೂ ಮುಂದಿನ ಮಾತು ಎದ್ದಿದೆ: ಕಟ್ಟಿದ ಮೇಲಲ್ಲ, ಕಟ್ಟುವ ಮುಂಚೆಯೇ ಬೇರೆಯವರ ಉಳಿಕೆಯನ್ನು ಅಳಿಸಿ, ಎಲ್ಲವನ್ನೂ ಮೂಲದಿಂದಲೇ ಹುಟ್ಟಿಸಿಕೊಳ್ಳಬೇಕು. ಹೊಸ ನಾಟಿಗೆ ರೋಗವಿಲ್ಲದ ಬೀಜದ ಕಬ್ಬನ್ನೇ ಆರಿಸಬೇಕು ಎಂದು ಕೃಷಿ ಇಲಾಖೆಯವರು ಹೇಳುವುದು ಇದೇ ಅರ್ಥದಲ್ಲಿ. ನನಗೆ ಸರಿ ಎನಿಸುತ್ತದೆ, ಆದರೆ ಅದಕ್ಕೆ ತಗಲುವ ಯಂತ್ರದ ಹೊತ್ತನ್ನು ಯಾರು ಕೊಡಬೇಕು ಎಂಬ ಜಗಳ ಮುಗಿಯುವಂತೆ ಕಾಣುವುದಿಲ್ಲ.

ನಮ್ಮ ಲ್ಯಾಬಿನಲ್ಲಿ ಈಗ ಪ್ರತಿ ಬ್ಯಾಚಿಗೂ ಬೇರೆ ಫೋಲ್ಡರು, ಅದರೊಳಗೆ ಬಿಲ್ಡ್ ಎಂಬ ಇನ್ನೊಂದು. ಕಂಪೈಲ್ ಗೆದ್ದರೆ ಮಾತ್ರ ಪ್ರೋಗ್ರಾಮ್ ಓಡುವ ಹಾಗೆ ಎರಡು ಆಜ್ಞೆಗಳನ್ನು ಕಟ್ಟಿಹಾಕಿದ ಮೇಲೆ ‘ಹಳೇ ಉತ್ತರ’ದ ದೂರು ಮುಕ್ಕಾಲು ಪಾಲು ನಿಂತಿತು. ಉಳಿದ ಕಾಲು ಪಾಲು ಸತ್ತ ಸೆಲ್ಲಿನದು. ಹೊಸ ಸೆಲ್ಲುಗಳಿಗೆ ಕೊಟ್ಟ ಅರ್ಜಿ ಎರಡು ಸೆಮಿಸ್ಟರ್ ಮೇಜಿನಿಂದ ಮೇಜಿಗೆ ಓಡಾಡಿತು. ಕೊನೆಗೆ ಚಿಕ್ಕೋಡಿ ಪೇಟೆಯ ವಾಚ್ ರಿಪೇರಿ ಅಂಗಡಿಗೆ ಹೋಗಿ ಸಿಆರ್2032 ಸೆಲ್ ಇಪ್ಪತ್ತು ಬೇಕು ಎಂದೆ. ಅಂಗಡಿಯವರು ಕನ್ನಡಕ ಮೂಗಿನ ಮೇಲೆ ಸರಿಸಿ, "ಅಷ್ಟು ಗಡಿಯಾರ ಎಲ್ಲಿ ನಿಂತಾವ್ರಿ ಸರ?" ಎಂದು ಕೇಳಿದರು.